ಈ ಹುಡುಗ ಯಾರ ಮಗ?

ಆಪ್ತಸಲಹೆಗೆಂದು ನನ್ನ ಹತ್ತಿರ ಬಂದ ಒಂದು ಮನೆಯ ಕತೆ ಇದು. ಹೆಸರು, ವಯಸ್ಸು, ಊರು ಮತ್ತು ಕೆಲವು ವಿವರಗಳನ್ನು ಗುರುತು ಸಿಗದಷ್ಟು ಬದಲಿಸಿದ್ದೇನೆ. ಬರೆದದ್ದನ್ನು ಆ ಮನೆಯವರಿಗೆ ಓದಿ ಹೇಳಿದೆ. ಅವರು ಹೂಂ ಅಂದ ಮೇಲೆ ಇಲ್ಲಿ ಕೊಡುತ್ತಿದ್ದೇನೆ. ಅಜ್ಜಿ ಮಾತ್ರ ‘ನನ್ನ ಭಾಳ ಕೆಟ್ಟಾಕಿ ಮಾಡೀಯಲ್ಲವ್ವಾ’ ಅಂದರು. ಒಂದೆರಡು ಸಾಲು ತಿದ್ದಿದ್ದೇನೆ, ಎಲ್ಲವನ್ನೂ ಅಲ್ಲ.

ಮೇ ತಿಂಗಳ ಮಧ್ಯಾಹ್ನ. ಗಂಗಾವತಿಯ ಬಿಸಿಲು ಉಂಡವರಿಗೆ ಗೊತ್ತು, ಆ ಹೊತ್ತಿನಲ್ಲಿ ನಾಯಿಗಳೂ ನೆರಳು ಬಿಟ್ಟು ಏಳುವುದಿಲ್ಲ. ಗಿರಿಜಾ ಮುಂಗೈ ತನಕ ತೋಳಿರುವ ಜಂಪರ್ ತೊಟ್ಟು ಬಂದಿದ್ದರು. ಜೊತೆಗೆ ಯಾರೂ ಇರಲಿಲ್ಲ. ‘ಮೈ ಕೈ ನೋವು, ನಿದ್ದಿ ಬರಂಗಿಲ್ರಿ ಮೇಡಂ’ ಅಂದರು. ನಮ್ಮ ಕಡೆ ಹೆಣ್ಣುಮಕ್ಕಳ ಮನಸ್ಸಿನ ಸಂಕಟ ಜಾಸ್ತಿ ಸಲ ಮೈಕೈ ನೋವಿನ ಹೆಸರಲ್ಲೇ ಬರುತ್ತದೆ. ನೀರು ಕುಡಿಯಲು ಗ್ಲಾಸ್ ಎತ್ತಿದಾಗ ತೋಳು ಸ್ವಲ್ಪ ಹಿಂದೆ ಸರಿಯಿತು. ಮುಂಗೈ ಮೇಲೆ ದುಂಡಗಿನ ಗುರುತುಗಳು, ಮೂರೋ ನಾಲ್ಕೋ. ಒಂದು ಇನ್ನೂ ನೀಲಿಗಟ್ಟಿತ್ತು.

‘ಅಲರ್ಜಿ ರೀ’ ಅಂದರು.

ನಾನು ಏನೂ ಕೇಳಿರಲಿಲ್ಲ. ಗ್ಲಾಸ್ ಕೆಳಗಿಟ್ಟು ಅವರೇ ಮುಂದುವರಿಸಿದರು. ‘ನನ್ ಮಗ ಕಡೀತಾನ್ರಿ.’

ಗಿರಿಜಾಗೆ 27 ವರ್ಷ. ಮದುವೆಯಾಗಿರುವುದು ಸೋದರಮಾವನನ್ನು. ನಮ್ಮ ಭಾಗದಲ್ಲಿ ಇದೇನೂ ಹೊಸದಲ್ಲ. ಹಾಗಾಗಿ ಅತ್ತೆ ಅಂದರೆ ಹೆತ್ತಮ್ಮನ ತಾಯಿ, ಎತ್ತಿ ಆಡಿಸಿದ ಅಜ್ಜಿ. ನಾದಿನಿ ಅಂದರೆ ಚಿಕ್ಕವ್ವ, ಅದೂ ತನಗಿಂತ ಮೂರು ವರ್ಷ ಸಣ್ಣವಳು. ಗಂಡ ರಾಜಶೇಖರ ಅಕ್ಕಿ ಮಿಲ್ಲಿನಲ್ಲಿ ಗುಮಾಸ್ತ, ಭತ್ತದ ಲಾರಿಗಳ ತೂಕ ಬರೆಯುವ ಕೆಲಸ. ‘ಬೈದ್ರ ತವರಿಗೆ ಹೋಗ್ತೀನಿ ಅನ್ನಂಗಿಲ್ರಿ. ಅದೂ ಇದ ರಕ್ತ, ಇದೂ ಅದ ರಕ್ತ’ ಅಂದರು. ಹೊರಗಿನವರಿಂದ ಬಂದ ಮಾತಾದರೆ ಹೊರಗೇ ಬಿಡಬಹುದು. ಇಲ್ಲಿ ಹಾಗಿರಲಿಲ್ಲ.

ಮಗ ಮನುಗೆ ಆರು ವರ್ಷ. ಒಂದೂವರೆ ವರ್ಷಕ್ಕೆ ‘ಅವ್ವ’, ‘ನೀರು’ ಅಂತಿದ್ದವನು ಎರಡು ತುಂಬುವಷ್ಟರಲ್ಲಿ ಆ ಎರಡು ಮಾತನ್ನೂ ಬಿಟ್ಟ. ಹೆಸರು ಹಿಡಿದು ಕೂಗಿದರೆ ತಿರುಗುತ್ತಿರಲಿಲ್ಲ. ಗಂಡು ಮಕ್ಕಳಿಗೆ ಮಾತು ತಡ ಅಂತ ಒಂದು ವರ್ಷ ಹೋಯಿತು. ಬಜೆ ತೇಯ್ದು ನಾಲಿಗೆಗೆ ಹಚ್ಚಿದರು. ಹುಲಿಗಿಗೆ ಹರಕೆ ಹೊತ್ತರು. ತಾಯಿತ ಕಟ್ಟಿಸಿದರು. ಒಬ್ಬ ಡಾಕ್ಟರು ನಾಲಿಗೆ ಕೆಳಗಿನ ಪೊರೆ ಕತ್ತರಿಸಿದರು, ಅದಕ್ಕೂ ಮಾತು ಬರಲಿಲ್ಲ. ನಾಲ್ಕು ವರ್ಷ ತುಂಬಿದ ಮೇಲೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತೋರಿಸಿದಾಗ ಆಟಿಸಂ, ಅಂದರೆ ಮಿದುಳು ಬೆಳೆಯುವ ರೀತಿಯೇ ಬೇರೆ, ಎಂದು ತಿಳಿಯಿತು. ಊರಿಗೆ ಬಂದು ನರ್ಸರಿಗೆ ಸೇರಿಸಿದರು. ಎರಡೇ ತಿಂಗಳಲ್ಲಿ, ಬೇರೆ ಮಕ್ಕಳ ಪಾಲಕರು ತಕರಾರು ಮಾಡ್ತಾರೆ, ಕರ್ಕೊಂಡು ಹೋಗಿ ಅಂದುಬಿಟ್ಟರು. ಅಲ್ಲಿಂದ ಮನು ಮನೆಯ ಒಳಗೇ ಉಳಿದ. ಬಾಗಿಲು ಹಾಕಿಯೇ ಇರುತ್ತಿತ್ತು. ಓಣಿಯ ಜನ ಏನಾದರೂ ಅಂದಾರು ಎಂಬ ಭಯ ಒಂದು ಕಡೆ. ಚಿಕ್ಕವ್ವನಿಗೆ ಗಂಡು ನೋಡುತ್ತಿದ್ದರು, ಅದು ಇನ್ನೊಂದು ಕಡೆ.

ಗಿರಿಜಾ ನನ್ನ ಹತ್ತಿರ ಬರುವ ಎಂಟು ದಿನದ ಹಿಂದೆ ಒಂದು ಘಟನೆ ನಡೆದಿತ್ತು. ಯಾರೋ ಬಾಗಿಲ ಚಿಲಕ ಹಾಕುವುದು ಮರೆತರು. ಮನು ಹೊರಗೆ ಓಡಿದ. ಅವನಿಗೆ ನೀರೆಂದರೆ ಪ್ರಾಣ. ಎಡದಂಡೆ ಕಾಲುವೆ ಮನೆಯಿಂದ ಅರ್ಧ ಕಿಲೋಮೀಟರ್. ಸೇತುವೆ ಹತ್ತಿರ ಒಬ್ಬ ಟ್ರ್ಯಾಕ್ಟರ್ ಡ್ರೈವರ್ ಅವನನ್ನು ಹಿಡಿದು ನಿಲ್ಲಿಸಿದ. ಪುಣ್ಯ. ಹೆಸರೇನಪ್ಪಾ, ಯಾರ ಮಗ ನೀನು ಎಂದು ಕೇಳಿದರೆ ಹುಡುಗ ಗುನುಗುತ್ತಾ ನಿಂತಿದ್ದನಂತೆ. ಡ್ರೈವರ್ ಅಲ್ಲಿದ್ದವರನ್ನೆಲ್ಲ ಕೇಳಿದ. ಈ ಹುಡುಗ ಯಾರ ಮಗ? ಯಾರಿಗೂ ಗೊತ್ತಿಲ್ಲ. ಹುಟ್ಟಿ ಆರು ವರ್ಷ ಅದೇ ಊರಲ್ಲಿ ಬೆಳೆದ ಹುಡುಗ ತನ್ನ ಮನೆ ಮುಟ್ಟಲು ಎರಡು ತಾಸು ಹಿಡಿಯಿತು.

ಇಷ್ಟು ಕೇಳಿದ ಮೇಲೆ ನಾನು ಮಾಡಿದ್ದೇನು? ಪಾಠ ಮಾಡಿದೆ. ಆಟಿಸಂ ಅಂದರೇನು, ಯಾವ ಥೆರಪಿ, ಯಾವ ಕಾರ್ಡ್, ಯಾವ ಆಫೀಸು. ಕೊನೆಗೆ ‘ಮೊದಲು ನೀವು ಇದನ್ನ ಒಪ್ಪಿಕೊಳ್ಳಬೇಕು. ಜನರ ಮಾತಿಗೆ ತಲೆ ಕೆಡಿಸಿಕೊಳ್ಳಬೇಡಿ’ ಅಂತಲೂ ಹೇಳಿದೆ. ಕೇಳಲೇಬೇಕಿದ್ದ ಒಂದು ಪ್ರಶ್ನೆ ಕೇಳಲಿಲ್ಲ. ಗಿರಿಜಾ ನಾನು ಕೊಟ್ಟ ಕಾಗದಗಳನ್ನೆಲ್ಲ ಅಚ್ಚುಕಟ್ಟಾಗಿ ಮಡಿಸಿ ಪರ್ಸಿನಲ್ಲಿಟ್ಟುಕೊಂಡು ಹೋದರು. ಐದು ವಾರ ಬರಲಿಲ್ಲ.

ಎರಡನೇ ಸಲ ಬಂದಾಗ ನಾನು ಪೆನ್ನು ತೆಗೆದಿದ್ದು ಒಂದೇ ಕೆಲಸಕ್ಕೆ. ಹಾಳೆ ಮೇಲೆ ಗಡಿಯಾರದಂತೆ ಒಂದು ದುಂಡು ಬರೆದೆ. ನಿನ್ನೆ ಬೆಳಿಗ್ಗೆ ಎದ್ದಾಗಿನಿಂದ ಏನೇನು ಮಾಡಿದಿರಿ, ಹೇಳ್ತಾ ಹೋಗಿ ಅಂದೆ. ನಾಲ್ಕೂವರೆಗೆ ಎದ್ದಿದ್ದು, ಯಾಕಂದರೆ ಮನು ನಾಲ್ಕೂವರೆಗೆ ಏಳುತ್ತಾನೆ. ರೊಟ್ಟಿ ಬಡಿಯುವಾಗ ಅವನು ಬೆನ್ನಿಗೆ ಆತು ನಿಂತಿರುತ್ತಾನೆ. ಊಟ ಮಾಡಿಸಲು ಮುಕ್ಕಾಲು ತಾಸು, ಅನ್ನ ಬಿಳಿ ಇದ್ದರೆ ಮಾತ್ರ, ಸಾರು ತಾಗಿದರೆ ತಟ್ಟೆ ಹಾರುತ್ತದೆ. ಹೀಗೇ ರಾತ್ರಿ ಹನ್ನೊಂದರ ತನಕ. ದುಂಡಿನಲ್ಲಿ ಖಾಲಿ ಜಾಗ ಉಳಿಯಲಿಲ್ಲ. ಸ್ನಾನ ಯಾವಾಗ ಅಂದೆ.

‘ಮಾಡ್ತೀನ್ರಿ. ಬಚ್ಚಲ ಬಾಗ್ಲಾ ತಗದಿಟ್ಟು, ಅವನ್ನ ಎದುರಿಗಿ ಕುಂದ್ರಿಸಿ. ಬಾಗ್ಲಾ ಹಾಕ್ಕೊಂಡು ಜಳಕ ಮಾಡಿ ಮೂರು ವರ್ಷ ಆತು.’

ಆಗ ಕೇಳಿದೆ. ಸಾಯಬೇಕು ಅನ್ನಿಸುತ್ತದಾ? ಹೀಗೆ ನೇರವಾಗಿ ಕೇಳಿದರೆ ಇಲ್ಲದ ಯೋಚನೆ ತಲೆಗೆ ತುಂಬಿದಂತೆ ಎಂದು ಬಹಳ ಜನ ಹೆದರುತ್ತಾರೆ. ಹಾಗಾಗುವುದಿಲ್ಲ. ಎಷ್ಟೋ ಸಲ ಕೇಳಿದ್ದಕ್ಕೇ ಎದೆ ಭಾರ ಇಳಿಯುತ್ತದೆ. ಗಿರಿಜಾ ಬಹಳ ಹೊತ್ತು ಸೆರಗಿನ ಅಂಚು ಸುತ್ತುತ್ತಾ ಕೂತರು. ‘ಅವತ್ತು ಕಾಲುವ್ಯಾಗ ಬಿದ್ದಿದ್ರ ಅವನ್ದೂ ಮುಗೀತಿತ್ತು, ಅವನ ಹಿಂದ ನನ್ದೂ ಮುಗೀತಿತ್ತು ಅನಿಸ್ತದ್ರಿ’ ಅಂದರು. ಅಂದ ಮೇಲೆ ತಮ್ಮ ಮಾತಿಗೆ ತಾವೇ ಹೆದರಿ ಅತ್ತರು.

ಇಂಥ ಮಾತು ಬಂದಾಗ ಮುಂದಿನ ವಾರ ನೋಡೋಣ ಎನ್ನುವ ಹಾಗಿಲ್ಲ. ಅವರನ್ನು ಕೇಳಿಯೇ ಗಂಡನಿಗೆ ಫೋನ್ ಮಾಡಿದೆ. ಅವರು ಮಿಲ್ಲಿನಿಂದ ನೇರ ಬಂದರು, ಅಂಗಿ ಮೇಲೆ ತೌಡಿನ ಧೂಳು ಹಾಗೇ ಇತ್ತು. ಹೊಲಕ್ಕೆಂದು ಮನೆಯಲ್ಲಿಟ್ಟಿದ್ದ ಎಣ್ಣೆ ಡಬ್ಬಗಳು ಅಂದೇ ಸಂಜೆ ಮನೆಯಿಂದ ಹೊರಗೆ ಹೋಗಿ ಬೇರೆಯವರ ಬೀಗದ ಕೆಳಗೆ ಸೇರಬೇಕು. (ನಮ್ಮಲ್ಲಿ ಕ್ರಿಮಿನಾಶಕಕ್ಕೆ ಎಣ್ಣೆ ಅಂತಲೇ ಅನ್ನುವುದು.) ಇನ್ನು ಕೆಲವು ದಿನ ಗಿರಿಜಾ ಒಬ್ಬರೇ ಇರಬಾರದು. ಆ ಯೋಚನೆ ಬಂದಾಗ ಮೊದಲು ಯಾರಿಗೆ ಹೇಳುವುದು, ಅವರು ಸಿಗದಿದ್ದರೆ ಯಾರಿಗೆ, ಹೆಸರು ಬರೆದುಕೊಂಡೆವು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ನಂಬರನ್ನು ಫೋನಿನಲ್ಲಿ ಉಳಿಸಿದೆವು. ಹಗಲು ರಾತ್ರಿ ಯಾವಾಗ ಬೇಕಾದರೂ ಹಚ್ಚಬಹುದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಮಾರನೇ ದಿನ ಸರ್ಕಾರಿ ಆಸ್ಪತ್ರೆಯ ಮನೋವೈದ್ಯರ ಹತ್ತಿರ ಹೋಗುವುದು ಎಂದಾಯಿತು.

‘ಹುಚ್ಚರ ಡಾಕ್ಟರ್ ಹತ್ರ ಏನ್ರಿ?’ ಎಂದರು ರಾಜಶೇಖರ. ಆ ಭಯ ನನಗೆ ಹೊಸದಲ್ಲ. ತಮಾಷೆ ಏನೆಂದರೆ, ಇಂಥ ಚಿಕಿತ್ಸೆ ದೊಡ್ಡ ಆಸ್ಪತ್ರೆ ಬಿಟ್ಟು ಜಿಲ್ಲೆ, ತಾಲೂಕು ಮಟ್ಟಕ್ಕೆ ಬರಬೇಕು ಎಂದು ದೇಶಕ್ಕೇ ತೋರಿಸಿಕೊಟ್ಟಿದ್ದು ನಮ್ಮ ಪಕ್ಕದ ಬಳ್ಳಾರಿ. ನಿಮ್ಹಾನ್ಸ್‌ನವರು 1985ರಲ್ಲಿ ಅಲ್ಲಿ ಪ್ರಯೋಗ ಮಾಡಿದರು. ಅದನ್ನು ನೋಡಿಯೇ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಬೇರೆ ರಾಜ್ಯಗಳಲ್ಲೂ ಶುರುವಾಯಿತು. ಇದನ್ನು ಹೇಳಿದೆ. ಅವರಿಗೆ ಅದು ಎಷ್ಟು ತಲುಪಿತೋ ಗೊತ್ತಿಲ್ಲ. ಆದರೆ ಹೋದರು. ವೈದ್ಯರು ಖಿನ್ನತೆಗೆ ಮಾತ್ರೆ ಶುರು ಮಾಡಿದರು. ಮೂರು ನಾಲ್ಕು ವಾರಕ್ಕೆ ನಿದ್ದೆ ಸುಧಾರಿಸಿತು. ಸಲಹೆ ನಾಟಬೇಕಾದರೆ ಕೇಳುವವರಿಗೆ ಒಂದು ರಾತ್ರಿಯಾದರೂ ನಿದ್ದೆ ಆಗಿರಬೇಕು.

ಮಿಲ್ಲಿನಿಂದ ನೇರ ಬಂದ ದಿನವೇ ರಾಜಶೇಖರಗೆ ಒಂದೇ ಒಂದು ಕೆಲಸ ಹೇಳಿದ್ದೆ. ಬೆಳಿಗ್ಗೆ ಆರರಿಂದ ಆರೂ ಇಪ್ಪತ್ತರ ತನಕ ಮಗ ನಿಮ್ಮ ಜವಾಬ್ದಾರಿ. ಆ ಇಪ್ಪತ್ತು ನಿಮಿಷ ಗಿರಿಜಾ ಬಚ್ಚಲ ಬಾಗಿಲು ಒಳಗಿನಿಂದ ಹಾಕಿಕೊಳ್ಳಬೇಕು. ‘ಅಷ್ಟೇನಾ?’ ಅಂದರು. ಅಷ್ಟೇ.

ಅಷ್ಟೇ ಅಲ್ಲ ಎಂದು ಅವರಿಗೆ ಮೂರನೇ ದಿನ ತಿಳಿಯಿತು. ಮಗ ಅವರ ಕೈಯನ್ನೂ ಕಡಿದ. ಫೋನಿನಲ್ಲಿ ‘ಮೇಡಂ, ಇಷ್ಟು ಜೋರ್ ಕಡೀತಾನಂತ ಗೊತ್ತಿರಲಿಲ್ರಿ’ ಎಂದರು. ಆರು ವರ್ಷದಲ್ಲಿ ಮೊದಲ ಸಲ. ಆಮೇಲೆ ಕಡಿತದ ಲೆಕ್ಕ ಇಡಲು ಇಬ್ಬರೂ ಕೂತರು. ಒಂದು ನೋಟ್‌ಬುಕ್ಕು, ಮೂರು ಮನೆ: ಎಷ್ಟು ಹೊತ್ತಿಗೆ, ಅದಕ್ಕೆ ಮುಂಚೆ ಏನಾಗಿತ್ತು, ಆಮೇಲೆ ನಾವೇನು ಮಾಡಿದೆವು. ಎರಡು ವಾರದ ಲೆಕ್ಕ ನೋಡಿದರೆ ಅರ್ಧಕ್ಕಿಂತ ಜಾಸ್ತಿ ಕಡಿತ ಸಂಜೆ ಏಳರ ಸುಮಾರಿಗೆ. ಆ ಹೊತ್ತಿಗೆ ಕುಕ್ಕರ್ ಕೂಗುತ್ತದೆ, ಟಿವಿಯಲ್ಲಿ ಧಾರಾವಾಹಿ ಜೋರಾಗಿರುತ್ತದೆ, ಅಜ್ಜಿ ದೇವರ ಮುಂದೆ ಗಂಟೆ ಬಾರಿಸುತ್ತಾರೆ. ಮೂರೂ ಒಟ್ಟಿಗೆ. ಹುಡುಗ ಕಿವಿ ಮುಚ್ಚಿಕೊಂಡು ಓಡುತ್ತಾನೆ, ತಾಯಿ ರಟ್ಟೆ ಹಿಡಿದು ಎಳೆಯುತ್ತಾರೆ, ಅವನು ಕಡಿಯುತ್ತಾನೆ. ಅವನ ಕಿವಿಗೆ ಆ ಸದ್ದು ನಮಗೆ ಕೇಳಿಸುವಷ್ಟೇ ಕೇಳಿಸುವುದಿಲ್ಲ. ತಲೆಯೊಳಗೇ ಮಿಲ್ ಓಡಿದಂತೆ ಇರಬಹುದು. ಬಾಯಲ್ಲಿ ಹೇಳಲು ಬಾರದು, ಹಲ್ಲಿನಲ್ಲಿ ಹೇಳುತ್ತಾನೆ. ಎಳೆಯಬೇಡಿ, ಪಕ್ಕಕ್ಕೆ ನಿಂತು ದಾರಿ ಬಿಡಿ, ಮಾತು ಕಡಿಮೆ ಮಾಡಿ ಅಂದೆ. ಕುಕ್ಕರ್ ಐದು ಗಂಟೆಗೇ ಇಟ್ಟರಾಯಿತು. ಟಿವಿ ಸದ್ದು ತಗ್ಗಿಸಬಹುದು. ಗಂಟೆಯ ವಿಷಯ ಅಜ್ಜಿಗೆ ಬಿಟ್ಟದ್ದು.

ಅಜ್ಜಿ ಬಂದಿದ್ದು ಜಗಳಕ್ಕೆ. ಗಂಟೆ ಬಾರಿಸಬ್ಯಾಡ ಅನ್ನಾಕ ಈಕೆ ಯಾರು ಎಂದು ಕೇಳಲು. ಮನುವನ್ನೂ ಕರೆತಂದಿದ್ದರು. ಅಜ್ಜಿಯ ವಾದ ಸರಳವಾಗಿತ್ತು. ಗಿರಿಜಾ ಬಸುರಿ ಇದ್ದಾಗ ಗ್ರಹಣದ ದಿನ ಹೊರಗೆ ಬಂದಳು, ಬಾಣಂತನದಲ್ಲಿ ಹಟ ಮಾಡಿ ತಣ್ಣೀರು ಮುಟ್ಟಿದಳು, ಕೂಸನ್ನು ಎತ್ತಿಕೊಳ್ಳುವ ಬದಲು ಫೋನ್ ಹಿಡಿದಳು. ಹಿಂಗಾಗೇ ಆತು.

ನಾನು ಅಜ್ಜಿಗೆ ಅಮೆರಿಕದ ಕತೆ ಹೇಳಿದೆ. ಲಿಯೋ ಕ್ಯಾನರ್ ಎಂಬ ಡಾಕ್ಟರು 1943ರಲ್ಲಿ ಇಂಥ 11 ಮಕ್ಕಳ ಬಗ್ಗೆ ಬರೆದರು. ಅದಾದ ಮೇಲೆ ವರ್ಷಗಟ್ಟಲೆ ಅಲ್ಲಿನ ದೊಡ್ಡ ದೊಡ್ಡ ಪಂಡಿತರೇ ತಾಯಿಯ ಕಡೆ ಬೆರಳು ಮಾಡಿದರು. ತಾಯಿಗೆ ಅಕ್ಕರೆ ಸಾಲದು, ಆಕೆ ಫ್ರಿಜ್ಜಿನಂತೆ ತಣ್ಣಗಿದ್ದಾಳೆ, ಅದಕ್ಕೇ ಮಗು ಹೀಗೆ ಅಂದರು. 1964ರಲ್ಲಿ ಬರ್ನಾರ್ಡ್ ರಿಮ್‌ಲ್ಯಾಂಡ್ ಎಂಬುವರು, ತಾವೇ ಮನಶ್ಶಾಸ್ತ್ರಜ್ಞರು, ತಮ್ಮ ಮಗನಿಗೂ ಆಟಿಸಂ ಇದ್ದವರು, ಇದು ಸುಳ್ಳು, ಮಿದುಳು ಬೆಳೆಯುವ ರೀತಿಯೇ ಬೇರೆ ಎಂದು ಪುಸ್ತಕ ಬರೆದು ವಾದಿಸಿದರು. ಈಗ ಎಲ್ಲರೂ ಒಪ್ಪಿರುವುದು ಅದನ್ನೇ.

‘ಅಂದ್ರ ಆ ಡಾಕ್ಟರ್‌ಗಳೂ ನನ್ನಂಗ ಅಂದಿದ್ರೇನು?’ ಎಂದರು ಅಜ್ಜಿ. ಹೌದಜ್ಜಿ ಅಂದೆ. ಮುಖದಲ್ಲಿ ಸ್ವಲ್ಪ ಖುಷಿ ಕಂಡಿತು.

ರಾಜಶೇಖರ ಯೂಟ್ಯೂಬ್ ನೋಡಿ ಲಸಿಕೆಯಿಂದಲೇ ಆಟಿಸಂ ಬಂತೇನೋ ಎಂಬ ಅನುಮಾನ ಇಟ್ಟುಕೊಂಡಿದ್ದರು. ಆ ಅನುಮಾನ ಹಬ್ಬಿಸಿದ್ದು 1998ರ ಒಂದು ಲೇಖನ. ಅದು ಸರಿಯಿಲ್ಲವೆಂದು ಪ್ರಕಟಿಸಿದ ಪತ್ರಿಕೆಯೇ 2010ರಲ್ಲಿ ಹಿಂದಕ್ಕೆ ತೆಗೆದುಕೊಂಡಿತು. ಗಿರಿಜಾಗೆ ಕಾಡುತ್ತಿದ್ದುದು ಬೇರೆ, ಸೋದರಮಾವನ ಮದುವೆ. ರಕ್ತಸಂಬಂಧದಲ್ಲಿ ಕೆಲವು ಅನುವಂಶೀಯ ಕಾಯಿಲೆಗಳ ಸಾಧ್ಯತೆ ಜಾಸ್ತಿ ಎನ್ನುವುದು ನಿಜ. ಆದರೆ ಈ ಮಗುವಿಗೆ ಇದರಿಂದಲೇ ಆಟಿಸಂ ಬಂತು ಎಂದು ಹೇಳಲು ಬರುವುದಿಲ್ಲ. ಅದರ ಹಿಂದೆ ಬಹಳ ಜೀನ್‌ಗಳ ಆಟವಿದೆ. ಮೊದಲ ಮಗುವಿಗೆ ಆಟಿಸಂ ಇದ್ದರೆ ಎರಡನೆಯದಕ್ಕೂ ಬರುವ ಸಾಧ್ಯತೆ ಹೆಚ್ಚು, ಸುಮಾರು ಐದರಲ್ಲಿ ಒಂದು. ಎರಡನೇ ಮಗುವಿನ ಯೋಚನೆ ಇದ್ದರೆ ಮೊದಲು ಜೆನೆಟಿಕ್ ಸಲಹೆ ಪಡೆಯಿರಿ ಎಂದೆ. ಇದನ್ನು ಮುಚ್ಚಿಟ್ಟು ಸಮಾಧಾನ ಹೇಳುವುದು ನನಗೆ ಸರಿಕಾಣಲಿಲ್ಲ.

ಅಷ್ಟರಲ್ಲಿ ಹೊರಗೆ ಲಾರಿ ಹಾರ್ನ್ ಹೊಡೆಯಿತು. ಮನು ಕಿವಿ ಮುಚ್ಚಿಕೊಂಡು ಗೋಡೆಗೆ ತಲೆ ಬಡಿಯತೊಡಗಿದ. ಗಿರಿಜಾ ಎದ್ದರು. ಅಜ್ಜಿ ಅವರಿಗಿಂತ ಮೊದಲು ತಮ್ಮ ಕೈಚೀಲದಿಂದ ಒಂದು ಬಟ್ಟೆಗಂಟು ತೆಗೆದರು. ನನ್ನ ಮೇಜಿನ ಮೇಲಿದ್ದ ಚಹಾದ ತಟ್ಟೆ ಎಳೆದುಕೊಂಡು ಅದಕ್ಕೆ ಸುರಿದರು. ಬಿಳಿಜೋಳ. ತಟ್ಟೆಯನ್ನು ನೆಲಕ್ಕಿಟ್ಟು ತಾವು ಪಕ್ಕದಲ್ಲಿ ಸುಮ್ಮನೆ ಕೂತು ಬೆರಳಾಡಿಸಿದರು, ಅವನ ಕಡೆ ನೋಡಲೂ ಇಲ್ಲ. ಒಂದು ನಿಮಿಷ ಆಗಿರಬೇಕು. ಹುಡುಗ ಬಂದು ಕೂತ. ಎರಡೂ ಅಂಗೈಯನ್ನು ಜೋಳದೊಳಗೆ ಒತ್ತಿ, ಎತ್ತಿ, ಬೆರಳ ಸಂದಿಯಿಂದ ಕಾಳು ಜಾರುವುದನ್ನು ಕಣ್ಣಿಗೆ ತೀರಾ ಹತ್ತಿರ ಹಿಡಿದು ನೋಡಿದ. ಗುನುಗು ಶುರುವಾಯಿತು.

‘ಇದನ್ನ ಯಾರು ಹೇಳಿಕೊಟ್ಟರು ಅಜ್ಜಿ?’

‘ಯಾರ್ ಹೇಳಬೇಕವ್ವಾ? ಜ್ವಾಳ ಹಸನ ಮಾಡಾಕ ಕುಂತ್ರ ತಾನ ಬಂದು ಕೈ ಹಾಕ್ತಾನ. ತಣ್ಣಗ ಆಗ್ತಾನ.’

ದೊಡ್ಡ ಊರುಗಳಲ್ಲಿ ಆಕ್ಯುಪೇಷನಲ್ ಥೆರಪಿಸ್ಟ್‌ಗಳು ಇದೇ ಕೆಲಸಕ್ಕೆ ಫೀ ತಗೊಳ್ಳುತ್ತಾರೆ ಅಜ್ಜಿ, ಅಂದೆ. ಗಿರಿಜಾ ಕಡೆ ತಿರುಗಿ, ಸಂಜೆ ಏಳಕ್ಕೆ ಮುಂಚೆ ಈ ಕೆಲಸ ಅಜ್ಜಿಯದು ಅಂದೆ. ಗಂಟೆಯ ಮಾತು ನಾನು ಎತ್ತಲೇ ಇಲ್ಲ. ಮುಂದಿನ ವಾರ ತಿಳಿಯಿತು, ಅಜ್ಜಿ ಈಗ ಬರೀ ದೀಪ ಬೆಳಗುತ್ತಾರಂತೆ.

ಇನ್ನು ಜನರ ಮಾತು. ಮೊದಲ ದಿನ ನಾನು ಕೊಟ್ಟ ‘ತಲೆ ಕೆಡಿಸಿಕೊಳ್ಳಬೇಡಿ’ ಎಂಬ ಸಲಹೆಯನ್ನು ವಾಪಸ್ ತೆಗೆದುಕೊಂಡೆ. ಅದು ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ನಡೆದೀತು. ನಮ್ಮಲ್ಲಿ ಹಿಟ್ಟಿನ ಗಿರಣಿ, ನಲ್ಲಿ ಕಟ್ಟೆ, ಕಿರಾಣಿ ಅಂಗಡಿ, ಎಲ್ಲ ಕಡೆ ಅದೇ ಮುಖಗಳು. ತಲೆ ಕೆಡಿಸಿಕೊಳ್ಳದೆ ಇರುವುದು ಹೇಗೆ? ಅದಕ್ಕಿಂತ ದೊಡ್ಡ ವಿಷಯ, ಆ ಜನ ಬೇಕು. ಕಾಲುವೆ ಹತ್ತಿರ ಮನುವನ್ನು ಹಿಡಿದವನೂ ಜನರಲ್ಲಿ ಒಬ್ಬ. ಮಗುವನ್ನು ಜನರ ಕಣ್ಣಿನಿಂದ ಉಳಿಸಲು ಬಚ್ಚಿಟ್ಟಿದ್ದರು. ಬಚ್ಚಿಟ್ಟಿದ್ದಕ್ಕೇ ಅವನು ಅವತ್ತು ಯಾರ ಮಗನೂ ಆಗಿರಲಿಲ್ಲ. ಗಿರಿಜಾರ ಸುಸ್ತಿನಲ್ಲಿ ಅರ್ಧದಷ್ಟು ಮಗನನ್ನು ನೋಡಿಕೊಳ್ಳುವ ಸುಸ್ತು ಇರಬಹುದು. ಉಳಿದರ್ಧ ಅವನನ್ನು ಮುಚ್ಚಿಡುವ ಸುಸ್ತು ಎಂದು ನನಗನ್ನಿಸಿತು.

ಹಾಗಂತ ಊರಿಗೆಲ್ಲ ಡಂಗುರ ಹೊಡೆಯಬೇಕಿಲ್ಲ. ಐದು ಜನರ ಹೆಸರು ಬರೆಯಲು ಹೇಳಿದೆ. ಬಹಳ ಯೋಚಿಸಿ ಬರೆದರು: ಸೇತುವೆ ಹತ್ತಿರ ಒಗ್ಗರಣೆ ಮಿರ್ಚಿ ಮಾರುವವರು, ಅಂಗನವಾಡಿ ಟೀಚರು, ಎದುರು ಮನೆಯವರು, ಹಾಲಿನ ಡೈರಿಯವರು, ಆ ಟ್ರ್ಯಾಕ್ಟರ್ ಡ್ರೈವರ್. ಹೇಳಬಾರದವರ ಹೆಸರನ್ನೂ ಬರೆಸಿದೆ. ಎರಡು ಹೆಸರು, ಇಬ್ಬರೂ ಹತ್ತಿರದ ಸಂಬಂಧಿಕರು. ‘ಪಾಪ ಪಾಪ’ ಅಂತ ಕೆನ್ನೆ ಸವರಿ, ಹೊರಗೆ ಹೋಗಿ ಬೇರೆ ಮಾತಾಡುವವರು. ಅವರು ಕೇಳಿದರೆ ‘ಆರಾಮ ಅದಾನ’ ಅಂದರೆ ಸಾಕು.

ಐದು ಜನರಿಗೆ ಹೇಳುವ ಮಾತನ್ನು ನನ್ನ ಮುಂದೆಯೇ ರೂಢಿ ಮಾಡಿಸಿದೆ. ಮೊದಲ ಸಲ ಗಂಟಲು ಕಟ್ಟಿತು. ಎರಡನೇ ಸಲ ‘ಸ್ವಲ್ಪ ಮಂದ ಅದಾನ’ ಅಂತ ಬಂತು, ಅದು ಬೇಡ ಅಂದೆ. ಆರೇಳು ಸಲ ಆದ ಮೇಲೆ ಹೀಗೆ ನಿಂತಿತು: ‘ಇವನಿಗಿ ಆಟಿಸಂ ಐತ್ರಿ. ಮಾತು ಬರಂಗಿಲ್ಲ, ಕಿವಿ ಕೇಳ್ತಾವ. ಜೋರು ಸದ್ದು ಆಗಂಗಿಲ್ಲ. ನೀರು ಕಂಡ್ರ ಓಡ್ತಾನ. ಒಬ್ಬನ ಕಂಡ್ರ ನಿಲ್ಲಿಸಿ ನಮಗ ಫೋನ್ ಹಚ್ರಿ.’ ಇದರಲ್ಲಿ ಅಳುವಿಲ್ಲ, ಕ್ಷಮೆ ಕೇಳುವುದಿಲ್ಲ. ಕೇಳಿದವರಿಗೆ ಮಾಡಲು ಒಂದು ಕೆಲಸವಿದೆ. ಏನು ಮಾಡಬೇಕು ಎಂದು ಗೊತ್ತಾದರೆ ಜನ ಆಡಿಕೊಳ್ಳುವುದು ಕಡಿಮೆ, ಇದು ನನ್ನ ಅನುಭವ. ಬಾಗಿಲಿಗೆ ಅವನ ಕೈಗೆ ಎಟುಕದಷ್ಟು ಮೇಲೆ ಇನ್ನೊಂದು ಚಿಲಕ ಹಾಕಿಸಿದರು. ಉಡದಾರದಲ್ಲಿ ತಾಯಿತದ ಪಕ್ಕ ಒಂದು ಸಣ್ಣ ತಗಡು ಬಂತು, ಅದರ ಮೇಲೆ ಫೋನ್ ನಂಬರ್. ತಾಯಿತ ತೆಗೆಯಿರಿ ಎಂದು ನಾನು ಹೇಳಲಿಲ್ಲ.

ರಾಜಶೇಖರ ಬಗ್ಗೆ ಒಂದು ಮಾತು ಹೇಳಬೇಕು. ಗಂಡಸರ ಕಳಂಕದ ಲೆಕ್ಕ ಬೇರೆ ಇರುತ್ತದೆ. ಮಿಲ್ಲಿನಲ್ಲಿ ಯಾರೋ ‘ಮಗ ಯಾವ ಕ್ಲಾಸು?’ ಎಂದು ಕೇಳಿದ್ದಕ್ಕೆ ‘ಕಾನ್ವೆಂಟು, ಒಂದನೇ ಕ್ಲಾಸು’ ಅಂದುಬಿಟ್ಟಿದ್ದರು. ಒಂದು ಸುಳ್ಳಿಗೆ ನೂರು ಕಾವಲು ಬೇಕಲ್ಲ. ವರ್ಷವಿಡೀ ಅದನ್ನು ಸಾಕಿದರು. ಟೀಚರ್ ಹೆಸರು ಹುಟ್ಟಿಸಿದರು, ಬಸ್ ಫೀ ಜಾಸ್ತಿಯಾಯಿತು ಅಂತ ಎಲ್ಲರ ಜೊತೆ ಗೊಣಗಿದರು. ಇದನ್ನು ಹೇಳುವಾಗ ಮೊದಲು ನಕ್ಕರು. ನಗುತ್ತಲೇ ಕಣ್ಣು ಒರೆಸಿಕೊಂಡರು. ಹೊರಗೆ ಕಾನ್ವೆಂಟಿನ ಮಗ, ಮನೆಯಲ್ಲಿ ಮನು. ಮನೆಗೆ ತಡವಾಗಿ ಹೋಗುತ್ತಿದ್ದುದು ಯಾಕೆಂದು ನಾನು ಬಿಡಿಸಿ ಹೇಳಬೇಕಾಗಲಿಲ್ಲ.

ಅವರಿಗೆ ಭಾನುವಾರ ಒಂದು ತಾಸು ಮಗನ ಜೊತೆ ಹೊರಗೆ ಹೋಗಿ ಅಂದೆ. ಎಲ್ಲಿಗೆ? ಪಾರ್ಕಿಗೆ ಹೋದರೆ ಗದ್ದಲ, ಅಂಗಡಿಗೆ ಹೋದರೆ ಹಟ. ಕೊನೆಗೆ ಮಿಲ್ಲಿಗೇ ಕರೆದೊಯ್ದರು. ಭಾನುವಾರ ಯಂತ್ರ ನಿಂತಿರುತ್ತದೆ, ಸದ್ದಿಲ್ಲ. ಚೀಲ ತೂಗುವ ಎಲೆಕ್ಟ್ರಾನಿಕ್ ಕಾಟಾ ಮೇಲೆ ಮನುವನ್ನು ನಿಲ್ಲಿಸಿದರು. ಕೆಂಪು ಅಂಕಿಗಳು ಪಟಪಟ ಓಡಿ ಒಂದು ಕಡೆ ನಿಂತವು. 17.4. ಹುಡುಗ ಇಳಿದ, ಅಂಕಿ ಸೊನ್ನೆಯಾಯಿತು. ಹತ್ತಿದ, ಮತ್ತೆ ಓಡಿದವು. ಸುಮಾರು ಹೊತ್ತು ಇದೇ ಆಟ. ಒಮ್ಮೆ ತಾನು ಇಳಿದು ಅಪ್ಪನ ಕೈ ಹಿಡಿದು ಕಾಟಾ ಕಡೆ ಎಳೆದ, ನೀನು ಹತ್ತು ಅನ್ನುವಂತೆ. ಗಿರಿಜಾ ನನ್ನ ಮುಂದೆ ‘ನಮ್ಮಾವ ಅವತ್ತು ತೂಕದ ಪುಸ್ತಕದಾಗ ಮಗನ ಹೆಸರು ಬರದಾನ್ರಿ, ಲಾರಿ ನಂಬರ್ ಬರೆಯೋ ಜಾಗದಾಗ’ ಎಂದು ನಕ್ಕರು. ಅಪ್ಪನ ಕೈ ಹಿಡಿದು ಎಳೆದದ್ದನ್ನು ನಾನು ದೊಡ್ಡದಾಗಿ ಗುರುತು ಹಾಕಿಕೊಂಡೆ. ಮಾತಿಲ್ಲದ ಮಗು ಇನ್ನೊಬ್ಬರನ್ನು ತನ್ನ ಆಟಕ್ಕೆ ಕರೆದದ್ದು ಅದು.

ಅಂಗವೈಕಲ್ಯದ ಸರ್ಟಿಫಿಕೇಟ್ ಮಾಡಿಸಲು ರಾಜಶೇಖರ ಅವರೇ ಅಡ್ಡ ನಿಂತಿದ್ದರು. ‘ಮುದ್ರೆ ಒತ್ತಿದಂಗ ಆಗ್ತದ್ರಿ.’ ಕಾಟಾ ಆಟದ ನಂತರ ಒಪ್ಪಿದರು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿರುವ 21 ವಿಧಗಳಲ್ಲಿ ಆಟಿಸಂ ಕೂಡ ಒಂದು. ಐಸಾ ಎಂಬ 40 ಅಂಶಗಳ ಮಾಪನದಲ್ಲಿ ಎಷ್ಟು ಅಂಕ ಎಂದು ನೋಡಿ ಪ್ರಮಾಣ ಬರೆಯುತ್ತಾರೆ. 40 ಶೇಕಡಾ ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕಿದೆ. ಸರ್ಕಾರದ ಅನುದಾನ ಅಥವಾ ಮಾನ್ಯತೆ ಇರುವ ಶಾಲೆ ಅಂಗವೈಕಲ್ಯದ ನೆಪ ಹೇಳಿ ಮಗುವನ್ನು ಹೊರಗೆ ಕಳಿಸುವಂತಿಲ್ಲ. ಯುಡಿಐಡಿ ಕಾರ್ಡ್ (ಅಂಗವಿಕಲರ ಗುರುತಿನ ಚೀಟಿ) ಆದ ಮೇಲೆ ಕೇಂದ್ರ ಸರ್ಕಾರದ ನ್ಯಾಷನಲ್ ಟ್ರಸ್ಟ್‌ನ ನಿರಾಮಯ ಆರೋಗ್ಯ ವಿಮೆಗೂ ಅರ್ಜಿ ಹಾಕಬಹುದು, ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ. ಅರ್ಜಿಯ ಓಡಾಟಕ್ಕೆ ಗ್ರಾಮ ಪಂಚಾಯ್ತಿಯ ಪುನರ್ವಸತಿ ಕಾರ್ಯಕರ್ತರನ್ನು ಹಿಡಿಯಿರಿ ಅಂದೆ. ಮನು ಈಗ ಊರಿನ ಸರ್ಕಾರಿ ಶಾಲೆಗೆ ದಿನಕ್ಕೆ ಎರಡು ತಾಸು ಹೋಗುತ್ತಾನೆ. ಮಿಲ್ಲಿನಲ್ಲಿ ರಾಜಶೇಖರ ನಿಜ ಹೇಳಿದ್ದು ಒಬ್ಬರಿಗೆ ಮಾತ್ರ. ಸಾಕು, ಅವಸರವಿಲ್ಲ.

ಎಲ್ಲ ಸರಿಹೋಯಿತು ಅಂದುಕೊಳ್ಳಬೇಡಿ. ಚಿಕ್ಕವ್ವನ ಮದುವೆಯ ಗಂಟು ಹಾಗೇ ಇತ್ತು. ಗಂಡಿನ ಕಡೆಯವರು ನೋಡಲು ಬಂದಾಗಲೆಲ್ಲ ಮನುವನ್ನು ಹಿಂದಿನ ಕೋಣೆಗೆ ಹಾಕಿ ಬಾಗಿಲು ಹಾಕುತ್ತಿದ್ದರು. ಒಮ್ಮೆ ಅವನು ಒಳಗಿನಿಂದ ಬಾಗಿಲು ಬಡಿದಾಗ, ಬೆಕ್ಕು ಸಿಕ್ಕಿಹಾಕಿಕೊಂಡಿದೆ ಅಂದರಂತೆ. ಗಿರಿಜಾಗೆ ಎಲ್ಲಕ್ಕಿಂತ ಜಾಸ್ತಿ ಚುಚ್ಚಿದ್ದು ಆ ಬೆಕ್ಕು. ಅಜ್ಜಿಯ ಮಾತಿನಲ್ಲೂ ನ್ಯಾಯ ಇಲ್ಲದೇ ಇರಲಿಲ್ಲ. ‘ಮೊಮ್ಮಗನೂ ನನ್ನಾವ, ಮಗಳೂ ನನ್ನಾಕಿ. ಯಾರ್ನ ಬಿಡ್ಲಿ?’ ಎಂದರು. ಈ ವಿಷಯದಲ್ಲಿ ಯಾರೂ ಚಿಕ್ಕವ್ವನನ್ನೇ ಕೇಳಿರಲಿಲ್ಲ. ನಾನೂ ಕೇಳಿರಲಿಲ್ಲ. ಕರೆಸಿದೆ. ಆಕೆ ಐದೇ ನಿಮಿಷದಲ್ಲಿ ಲೆಕ್ಕ ಮುಗಿಸಿದಳು. ‘ಈಗ ತಿಳಿದ್ರ ಒಂದು ಸಂಬಂಧ ಹೋಗ್ತದ. ಲಗ್ನ ಆದ ಮ್ಯಾಲ ತಿಳಿದ್ರ ಜೀವನಪೂರ್ತಿ ನಾ ಬೈಸ್ಕೋಬೇಕು.’

ನಡುವಿನವರ ಮೂಲಕ ಮುಂಚೆಯೇ ಹೇಳಿ ಕಳಿಸಿದರು. ಸಿಂಧನೂರು ಕಡೆಯ ಆ ಸಂಬಂಧದಿಂದ ಮತ್ತೆ ಫೋನ್ ಬರಲಿಲ್ಲ. ಇದೇ ಕಾರಣವೋ ಬೇರೆಯೋ ಯಾರಿಗೂ ತಿಳಿಯದು. ಅಜ್ಜಿ ಒಂದು ತಿಂಗಳು ನನ್ನ ಜೊತೆ ಮಾತು ಬಿಟ್ಟರು. ಆಮೇಲೆ ಇನ್ನೊಂದು ಮನೆಯವರು ಬಂದು ನೋಡಿ ಹೋಗಿದ್ದಾರೆ. ಮನು ಅವತ್ತು ಪಡಸಾಲೆಯಲ್ಲೇ ಜೋಳದ ತಟ್ಟೆ ಮುಂದೆ ಕೂತಿದ್ದನಂತೆ. ಮಾತುಕತೆ ಇನ್ನೂ ನಡೆದಿದೆ.

ಗಿರಿಜಾ ಹೋದ ವಾರ ಬಂದಿದ್ದರು. ಮಾತ್ರೆ ಮುಂದುವರಿದಿದೆ, ವೈದ್ಯರು ಹೇಳುವ ತನಕ ನಿಲ್ಲಿಸಬಾರದು ಎಂದು ಮತ್ತೆ ನೆನಪಿಸಿದೆ. ಕೈ ಮೇಲೆ ಹೊಸದೊಂದು ಗುರುತಿತ್ತು. ಅದರ ಬಗ್ಗೆ ಇಬ್ಬರೂ ಮಾತಾಡಲಿಲ್ಲ, ಯಾಕಂದರೆ ಅವರ ಪ್ರಶ್ನೆ ಬೇರೆಯೇ ಇತ್ತು. ಶಾಲೆಯಲ್ಲಿ ಬಚ್ಚಲಿಗೆ ಹೋಗಬೇಕಾದರೆ ಮನು ತಾನೇ ಚಡ್ಡಿ ಇಳಿಸಲು ಕಲಿಯಬೇಕು, ಹೇಗೆ ಕಲಿಸುವುದು? ಮುಕ್ಕಾಲು ಗಂಟೆ ಪೂರ್ತಿ ಅದೇ ಆಯಿತು. ಗುಂಡಿ, ಜಿಪ್ಪು ಬೇಡ, ಎಲಾಸ್ಟಿಕ್ ಚಡ್ಡಿ ಸಾಕು. ಮೊದಲು ನೀವೇ ಮೊಣಕಾಲ ತನಕ ಇಳಿಸಿ, ಕೊನೆಯ ಒಂದು ಗೇಣು ಮಾತ್ರ ಅವನು ಎಳೆಯಲಿ. ಅದು ಪಕ್ಕಾ ಆದ ಮೇಲೆ ತೊಡೆಯಿಂದ, ಆಮೇಲೆ ಸೊಂಟದಿಂದ. ದಿನಕ್ಕೆ ನಾಲ್ಕು ಸಲ, ಅದೇ ಹೊತ್ತು, ಅದೇ ಮಾತು. ‘ಚಡ್ಡಿ’ ಅನ್ನುವುದಾ ‘ಇಳಿಸು’ ಅನ್ನುವುದಾ ಎಂದು ಕೇಳಿದರು. ಮನೆಯಲ್ಲಿ ಎಲ್ಲರೂ ಒಂದೇ ಅನ್ನಿ, ಯಾವುದಾದರೂ ಆದೀತು ಅಂದೆ. ಅಜ್ಜಿ ಮಾತ್ರ ‘ಬಿಚ್ಚು’ ಅಂತಾರಲ್ಲ ಎಂದು ಯೋಚಿಸಿದರು. ಹಾಗಾದರೆ ‘ಬಿಚ್ಚು’ ಎಂದೇ ಇರಲಿ ಎಂದಾಯಿತು. ಒಂದೂ ಕಾಲಿನ ಬಸ್ಸಿಗೆ ಹೊತ್ತಾಯಿತು ಅಂತ ಎದ್ದು ಹೊರಟರು.